ಪ್ರಯಾರಿಟಿ ಕಾರ್ಡಿಗೆ ದುಡ್ಡು ಕೊಟ್ಟೆವು, ರಾತ್ರಿ ಫೋನಿನಲ್ಲಿ ನರ್ಸ್ ಸಿಗಲಿಲ್ಲ

ಇವರಿಗೆ,
ಆಡಳಿತಾಧಿಕಾರಿಗಳು,
ಕ್ಯಾನ್ಸರ್ ವಿಭಾಗ

ವಿಷಯ: ಪ್ರಯಾರಿಟಿ ಕಾರ್ಡಿನ ಹೆಸರಲ್ಲಿ ಹಣ ಪಡೆದು ಸೇವೆ ಕೊಡದಿರುವ ಬಗ್ಗೆ, ಮತ್ತು ಕೀಮೋ ನಡೆಯುವಾಗ ರೋಗಿಯ ಹತ್ತಿರ ಮಾಡಿದ ಸರ್ವೆ ಬಗ್ಗೆ.

ಮಾನ್ಯರೇ,

ನನ್ನ ಆಯಿಗೆ (ಅಮ್ಮನಿಗೆ) ಸ್ತನ ಕ್ಯಾನ್ಸರ್. ಆಪರೇಷನ್ ಮುಗಿದು ಈಗ ನಿಮ್ಮಲ್ಲಿ ಕೀಮೋ ನಡೆಯುತ್ತಿದೆ. ಡಾಕ್ಟರ ಚಿಕಿತ್ಸೆ ಬಗ್ಗೆ ನನ್ನ ದೂರಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಡೇ ಕೇರ್ ವಾರ್ಡಿನ ಸಿಸ್ಟರ್‌ಗಳೂ ಒಳ್ಳೆಯವರು. ಆಪರೇಷನ್ ಆದ ಕಡೆಯ ಕೈಗೆ ಸೂಜಿ ಹಾಕುವ ಹಾಗಿಲ್ಲ, ಇನ್ನೊಂದು ಕೈಯಲ್ಲಿ ನರ ಸಿಗುವುದು ಕಷ್ಟ. ಅವರಲ್ಲೊಬ್ಬರು ಬಿಸಿ ನೀರಲ್ಲಿ ಹಿಂಡಿದ ಬಟ್ಟೆ ಇಟ್ಟು, ಆಯಿಯ ಹತ್ತಿರ ಊರಿನ ಸುದ್ದಿ ಕೇಳುತ್ತ, ಒಂದೇ ಸಲಕ್ಕೆ ಸೂಜಿ ಹಾಕುತ್ತಾರೆ. ಅವರಿಗೆ ನಾವು ಋಣಿ.

ನನ್ನ ದೂರು ದುಡ್ಡಿನದು. ಜಾಸ್ತಿ ಆಯಿತು ಅಂತಲ್ಲ, ಯಾವುದಕ್ಕೆ ತೆಗೆದುಕೊಂಡಿರಿ ಅಂತ.

ಚಿಕಿತ್ಸೆ ಶುರುವಾಗುವಾಗ ಬಿಲ್ಲಿಂಗ್ ಕೌಂಟರಿನ ಪಕ್ಕದ ಡೆಸ್ಕಿನವರು ಕರೆದು ಪ್ರಯಾರಿಟಿ ಕಾರ್ಡ್ ಬಗ್ಗೆ ಹೇಳಿದರು. 18,000 ರೂಪಾಯಿ. ರಕ್ತದ ರಿಪೋರ್ಟ್ ಒಂದು ತಾಸಿನೊಳಗೆ ಬರುತ್ತದೆ, ಹನ್ನೊಂದು ಗಂಟೆಯೊಳಗೆ ಕೀಮೋ ಶುರುವಾಗುತ್ತದೆ, ದಿನದ 24 ಗಂಟೆಯೂ ಕ್ಯಾನ್ಸರ್ ವಿಭಾಗದ ನರ್ಸ್ ಫೋನಿನಲ್ಲಿ ಸಿಗುತ್ತಾರೆ. ಇದು ನಾನು ಹೇಳುತ್ತಿರುವುದಲ್ಲ, ನಿಮ್ಮ ಪ್ಯಾಂಪ್ಲೆಟ್ಟಿನಲ್ಲೇ ಇದೆ.

ನಾವು ಶಿರಸಿ ಪೇಟೆಯಿಂದ ಒಳಗಿನ ಹಳ್ಳಿಯವರು. ಸ್ವಲ್ಪ ಅಡಿಕೆ ತೋಟ ಇದೆ ಅನ್ನುವ ಕಾರಣಕ್ಕೆ ಎಪಿಎಲ್ ಕಾರ್ಡ್. ಬಿಪಿಎಲ್ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ನಮ್ಮಂಥವರಿಗೆ ಸಿಗುವುದು ಸರ್ಕಾರ ಆ ಚಿಕಿತ್ಸೆಗೆ ಗೊತ್ತು ಮಾಡಿದ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ. ಹಾಗಾಗಿ ಕಾರ್ಡಿನ ದುಡ್ಡಿಗೆ ಅಪ್ಪಯ್ಯ ಒಣಗಿಸಿ ಸುಲಿದಿಟ್ಟ ಒಂದಿಷ್ಟು ಚಾಲಿ ಅಡಿಕೆಯನ್ನು ದರ ಏರುವ ತನಕ ಕಾಯದೆ ವ್ಯಾಪಾರ ಮಾಡಿಸಿದರು. ಯಾರೂ ಒತ್ತಾಯ ಮಾಡಲಿಲ್ಲ, ಖುಷಿಯಿಂದಲೇ ಕೊಟ್ಟೆವು. ಹನ್ನೊಂದಕ್ಕೆ ಶುರುವಾದರೆ ಸಂಜೆ ಶಿರಸಿ ತಲುಪಿ ಊರಿನ ಕೊನೆ ಬಸ್ ಹಿಡಿಯಬಹುದು. ಇಲ್ಲದಿದ್ದರೆ ವಾಂತಿ ಮಾಡಿಕೊಳ್ಳುತ್ತಿರುವ ಆಯಿಯನ್ನು ಕೂರಿಸಿಕೊಂಡು ಬಾಡಿಗೆ ಕಾರೇ ಗತಿ.

ಹನ್ನೊಂದಕ್ಕೆ ಯಾವತ್ತೂ ಶುರುವಾಗಲಿಲ್ಲ. ಪ್ರತಿ ಕೀಮೋಗೆ ಮೊದಲು ಬಿಳಿ ರಕ್ತಕಣ, ಪ್ಲೇಟ್ಲೆಟ್ ನೋಡಲೇಬೇಕು, ಅದು ನನಗೂ ಗೊತ್ತು. ಹಾಗಂತಲೇ ಹಿಂದಿನ ದಿನ ಶಿರಸಿಯ ಲ್ಯಾಬಿನಲ್ಲಿ ಮಾಡಿಸಿ ತಂದರೆ ನೀವು ಒಪ್ಪುವುದಿಲ್ಲ. ನಿಮ್ಮಲ್ಲೇ ಮಾಡಿಸಬೇಕು. ರಿಪೋರ್ಟ್ ಬರುವುದು ಮಧ್ಯಾಹ್ನ. ಆಮೇಲೆ ಫಾರ್ಮಸಿಯಲ್ಲಿ ಔಷಧ ತಯಾರಾಗಬೇಕು. ಕೇಳಿದರೆ, ‘ಇವತ್ತು ಕಾರ್ಡಿನವರೇ ಜಾಸ್ತಿ ಇದ್ದಾರೆ ಮೇಡಂ’ ಅನ್ನುತ್ತಾರೆ. ಎಷ್ಟು ಬೆಡ್ ಇದೆ ಅಂತ ನೋಡಿ ಕಾರ್ಡ್ ಮಾರಬೇಕಿತ್ತಲ್ವಾ?

ಇಷ್ಟೇ ಆಗಿದ್ದರೆ ಬಹುಶಃ ನಾನು ಪತ್ರ ಬರೆಯುತ್ತಿರಲಿಲ್ಲ.

ಕಳೆದ ಸಲ ಕೀಮೋ ಆಗಿ ವಾರ ಕಳೆದ ಮೇಲೆ, ರಾತ್ರಿ ಆಯಿಗೆ ಚಳಿ ಬಂತು. ಥರ್ಮಾಮೀಟರ್ 101 ತೋರಿಸಿತು. ನಿಮ್ಮ ಫೈಲಿನ ಮೊದಲ ಪುಟದಲ್ಲೇ ಕೆಂಪು ಅಕ್ಷರದಲ್ಲಿದೆ: 100.4 ಡಿಗ್ರಿ ದಾಟಿದರೆ ಬೆಳಗಾಗುವ ತನಕ ಕಾಯಬೇಡಿ, ಕೂಡಲೇ ಫೋನ್ ಮಾಡಿ. ಕೀಮೋ ಆಗಿ ಒಂದರಿಂದ ಎರಡು ವಾರದ ಹೊತ್ತಿಗೆ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ, ಸಣ್ಣ ಸೋಂಕೂ ತಾಸುಗಳಲ್ಲಿ ಜೀವಕ್ಕೆ ಬರಬಹುದು ಅಂತ ಡಾಕ್ಟರೂ ಹೇಳಿದ್ದರು. ಫೋನ್ ಮಾಡಿದೆ. ಎತ್ತಿದ ಹುಡುಗ ಮೊದಲು ಕೇಳಿದ್ದು ಕಾರ್ಡ್ ನಂಬರ್. ಹೇಳಿದೆ. ಹೋಲ್ಡಿಗೆ ಹಾಕಿದ. ಎಷ್ಟೋ ಹೊತ್ತಿನ ಮೇಲೆ ಬಂದು, ‘ಜ್ವರದ ಮಾತ್ರೆ ಕೊಡಿ ಮೇಡಂ, ಬೆಳಿಗ್ಗೆ ಓಪಿಡಿಗೆ ಬನ್ನಿ’ ಅಂದ. ನರ್ಸ್ ಹತ್ತಿರ ಮಾತಾಡಬೇಕು ಅಂದರೆ, ರಾತ್ರಿ ನರ್ಸ್ ಲೈನ್ ಇಲ್ಲ ಅಂದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಬುಕಿಂಗ್ ತೆಗೆದುಕೊಳ್ಳುವವನು, ಅವನನ್ನು ಅಲ್ಲಿ ಕೂರಿಸಿದವರು ನೀವು.

ಪಕ್ಕದ ಮನೆಯವರ ಜೀಪಿನಲ್ಲಿ ಶಿರಸಿಯ ಸರ್ಕಾರಿ ಆಸ್ಪತ್ರೆಗೆ ಹೋದೆವು. ಡ್ಯೂಟಿ ಡಾಕ್ಟರ್ ಫೈಲ್ ನೋಡಿದವರೇ ರಕ್ತ ತೆಗೆದು ಆಂಟಿಬಯೋಟಿಕ್ ಶುರು ಮಾಡಿದರು. ಅಲ್ಲಿ ನಮಗೆ ಯಾವ ಕಾರ್ಡೂ ಬೇಕಾಗಲಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಈ ಫೋನ್ ಯಾಕೆ ಇಷ್ಟು ಮುಖ್ಯ ಅಂತ ನಿಮಗೆ ಗೊತ್ತಿರಬೇಕು. ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವಾದರೆ ಗೋವಾ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾದಾಗ, ನಮ್ಮಲ್ಲೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಇಡೀ ಜಿಲ್ಲೆ ಕೂಗಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೈವೇ ಎಷ್ಟೋ ದಿನ ಬಂದ್ ಆಗಿತ್ತು. ಮಳೆಗಾಲದ ರಾತ್ರಿ ಘಟ್ಟದ ರಸ್ತೆಯನ್ನು ನಂಬಿ ಹೊರಡುವ ಹಾಗಿಲ್ಲ. ಹೊರಡಬೇಕೋ, ಹತ್ತಿರದಲ್ಲೇ ತೋರಿಸಬೇಕೋ ಅಂತ ಹೇಳುವ ಒಬ್ಬರು ಆ ಕಡೆ ಇದ್ದರೆ ಸಾಕು. ನಾವು ದುಡ್ಡು ಕೊಟ್ಟಿದ್ದು ಆ ಒಬ್ಬರಿಗಾಗಿ.

ಇನ್ನು ಸರ್ವೆ ವಿಷಯ. ಇದನ್ನು ನಿಮ್ಮ ಮೇಲಿನವರು ಓದಲೇಬೇಕು.

ಆಯಿಗೆ ಕೀಮೋದ ಕೆಂಪು ಬಣ್ಣದ ಔಷಧ ಹೋಗುತ್ತಿತ್ತು. ಅದರಿಂದ ಬಾಯಿ ಹುಣ್ಣಾಗಬಾರದು ಅಂತ ಐಸ್ ತುಂಡು ಚೀಪುತ್ತ ಮಲಗಿದ್ದರು. ನಿಮ್ಮ ಕಡೆಯ ಹುಡುಗಿಯೊಬ್ಬಳು ಟ್ಯಾಬ್ ಹಿಡಿದು ಬಂದಳು. ‘ಇನ್ನೂ ಒಳ್ಳೆಯ ಸೇವೆಗೆ ಎಷ್ಟು ಜಾಸ್ತಿ ಕೊಡಲು ನೀವು ತಯಾರಿದ್ದೀರಿ?’ 10 ಪರ್ಸೆಂಟ್, 20, 30, ಅದಕ್ಕಿಂತ ಜಾಸ್ತಿ. ಏನೂ ಕೊಡುವುದಿಲ್ಲ ಅನ್ನಲು ಜಾಗವೇ ಇರಲಿಲ್ಲ. ಆಯಿ ನನ್ನ ಮುಖ ನೋಡಿ, ಸೂಜಿ ಇಲ್ಲದ ಕೈಯ ಬೆರಳಲ್ಲಿ 30 ಒತ್ತಿದರು. ಯಾಕೆ ಅಂತ ವಾಪಸ್ ಬರುವಾಗ ಕೇಳಿದೆ. ‘ಕಡಿಮೆ ಒತ್ತಿದರೆ ಮುಂದಿನ ಸಲ ಸರಿಯಾಗಿ ನೋಡದೇ ಹೋದರೆ ಏನು ಮಾಡುವುದು ಮಗಾ?’ ಅಂದರು.

ಹೀಗೆ ಬಂದ 30 ಪರ್ಸೆಂಟನ್ನು ನೀವು ಮೀಟಿಂಗಿನಲ್ಲಿ ಇಟ್ಟುಕೊಂಡು, ರೋಗಿಗಳೇ ಜಾಸ್ತಿ ಕೊಡಲು ಒಪ್ಪಿದ್ದಾರೆ ಅಂತ ದರ ನಿಗದಿ ಮಾಡಬಾರದು. ಕೈಗೆ ಡ್ರಿಪ್ ಹಾಕಿಸಿಕೊಂಡು ಮಲಗಿದವರು ನಿಮಗೆ ಬೇಡ ಅನ್ನುವುದಿಲ್ಲ. ಕೇಳಲೇಬೇಕು ಅಂತಿದ್ದರೆ ಚಿಕಿತ್ಸೆ ಮುಗಿದ ಮೇಲೆ ಕೇಳಿ, ಹೆಸರು ಬರೆಸಿಕೊಳ್ಳದೆ ಕೇಳಿ.

ನಾವು ದುಡ್ಡು ಕೊಡಲು ಹಿಂದೆಗೆಯುವವರಲ್ಲ. ಎಸಿ ರೂಮು, ಟಿವಿ, ಜೊತೆಗಿರುವವರಿಗೆ ಮಂಚ, ಇವಕ್ಕೆಲ್ಲ ನೀವು ದರ ಇಡಿ, ಬೇಕಾದವರು ತೆಗೆದುಕೊಳ್ಳುತ್ತಾರೆ. ಆದರೆ ಕೀಮೋ ರೋಗಿಗೆ ಜ್ವರ ಬಂದರೆ ಏನು ಮಾಡಬೇಕು ಅಂತ ಹೇಳುವುದು ಚಿಕಿತ್ಸೆಯ ಭಾಗ. ಅದನ್ನು ಕಾರ್ಡಿನಲ್ಲಿ ಹಾಕಿ ಮಾರುವುದೇ ತಪ್ಪು. ಪಕ್ಕದ ಬೆಡ್ಡಿನಲ್ಲಿ ಕುಮಟಾ ಕಡೆಯ ಮೀನುಗಾರರೊಬ್ಬರು ಬರುತ್ತಾರೆ, ಬಾಯಿ ಕ್ಯಾನ್ಸರ್, ಬಿಪಿಎಲ್ ಕಾರ್ಡಿನ ಮೇಲೆ ಚಿಕಿತ್ಸೆ. ಅವರ ಹೆಂಡತಿಗೆ ಹೀಗೊಂದು ಫೋನ್ ನಂಬರ್ ಇದೆ ಅನ್ನುವುದೂ ಗೊತ್ತಿಲ್ಲ. ಅವರಿಗೆ ಬರುವ ಜ್ವರವೂ ಇದೇ ಜ್ವರ.

ನಿಜಕ್ಕೂ ಯಾವುದಕ್ಕೆ ಜಾಸ್ತಿ ಕೊಡುತ್ತೀರಿ ಅಂತ ಕೇಳಿದ್ದರೆ ನಾನೇ ಹೇಳುತ್ತಿದ್ದೆ. ನಿಮ್ಮ ಡಾಕ್ಟರು ತಿಂಗಳಿಗೊಮ್ಮೆ ಶಿರಸಿಗೋ ಕುಮಟಾಕ್ಕೋ ಬಂದು ಕೂರಲಿ. ಚೆಕಪ್ ಅಲ್ಲೇ ಮುಗಿದರೆ ಕಾರಿನ ಬಾಡಿಗೆಯ ಅರ್ಧದಷ್ಟನ್ನು ಫೀಸಿನ ಮೇಲೆ ಕೊಡಲು ನಮ್ಮ ಕಡೆಯ ಎಷ್ಟೋ ಮನೆಯವರು ತಯಾರಿದ್ದಾರೆ. ಸ್ಕ್ಯಾನ್ ರಿಪೋರ್ಟನ್ನು ಕನ್ನಡದಲ್ಲಿ ಕೂತು ವಿವರಿಸುವವರಿಗೂ ಕೊಡುತ್ತೇವೆ.

ಈಗ ನನ್ನ ಬೇಡಿಕೆ. ಕಾರ್ಡಿನ 18,000 ರೂಪಾಯಿ ವಾಪಸ್ ಕೊಡಿ. ಬಿಲ್ಲಿನಲ್ಲಿ ಅದನ್ನು ಸುಮ್ನೆ ‘ಇತರೆ ಸೇವೆ’ ಅಂತ ಬರೆದಿದ್ದೀರಿ, ಯಾವ ಸೇವೆ ಅಂತ ಬಿಡಿಸಿ ಬರೆದುಕೊಡಿ. ಶಿರಸಿಯ ಲ್ಯಾಬ್ ರಿಪೋರ್ಟ್ ಯಾಕೆ ಒಪ್ಪುವುದಿಲ್ಲ ಅನ್ನುವುದಕ್ಕೆ ಡಾಕ್ಟರಿಂದ ಲಿಖಿತ ಕಾರಣ ಕೊಡಿಸಿ, ಇಲ್ಲವೇ ಒಪ್ಪಿಕೊಳ್ಳಿ. ರಾತ್ರಿ ಫೋನಿಗೆ ಕ್ಯಾನ್ಸರ್ ವಿಭಾಗದ ನರ್ಸನ್ನೇ ಕೂರಿಸಿ. ಆ ನಂಬರ್ ಕಾರ್ಡ್ ಇದ್ದವರಿಗೂ ಇಲ್ಲದವರಿಗೂ ಫೈಲಿನ ಮೇಲೆಯೇ ಬರೆದಿರಲಿ.

15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡುತ್ತೇನೆ. ದುಡ್ಡು ಪಡೆದು ಕೊಡುವ ಆಸ್ಪತ್ರೆ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಹಾಗಾಗಿ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ.

ನರ್ಸ್ ಫೋನ್ ಮಾತ್ರ 15 ದಿನ ಕಾಯುವಂಥದ್ದಲ್ಲ. ಬರುವ ವಾರ ಆಯಿಗೆ ಮತ್ತೆ ಕೀಮೋ ಇದೆ. ಅದಕ್ಕೆ ಮೊದಲು ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ, ಯಾವ ನಂಬರಿಗೆ ಮಾಡಬೇಕು ಅಂತ ನನ್ನ ಮೊಬೈಲಿಗೆ ಕಳಿಸಿ.

ಇಂತಿ,
ರೋಗಿಯ ಮಗಳು,
ಶಿರಸಿ ತಾಲೂಕು, ಉತ್ತರ ಕನ್ನಡ

ಲಗತ್ತು: ಕಾರ್ಡಿನ ರಸೀದಿ, ಪ್ಯಾಂಪ್ಲೆಟ್, ಆ ರಾತ್ರಿಯ ಕರೆಯ ವಿವರ, ಸರ್ಕಾರಿ ಆಸ್ಪತ್ರೆಯ ಚೀಟಿಯ ನಕಲು.