ಮತ್ತೆ ಫಸ್ಟ್ ಇಯರ್‌ನಿಂದ ಯಾಕೆ ಪುಟ್ಟಿ?

ಪುಟ್ಟಿ,

ಡಿಗ್ರಿ ಮುಗಿಸೋಕೆ ಅಮೆರಿಕದ ಕಾಲೇಜಲ್ಲಿ ಮತ್ತೆ ಫಸ್ಟ್ ಇಯರ್‌ಗೇ ಸೇರ್ತೀನಿ ಅಂದ್ಯಲ್ಲ, ಸೊನ್ನೆಯಿಂದ ಶುರು ಮಾಡ್ಬೇಕು ಅಂತ ನಿಂಗೆ ಹೇಳಿದ್ಯಾರು? ಎರಡು ವರ್ಷ ಬಿಕಾಂ ಪಾಸಾಗಿದೀಯ, ಆಮೇಲೆ ನಿನ್ನ ಸೋದರಮಾವನ ಆಡಿಟ್ ಆಫೀಸಲ್ಲಿ ಟ್ಯಾಲಿ, ಜಿಎಸ್‌ಟಿ ಅಂತ ಅಷ್ಟು ವರ್ಷ ದುಡಿದೀಯ, ಈಗ ನ್ಯೂಜೆರ್ಸಿಲಿ ಹಲ್ಲಿನ ಡಾಕ್ಟ್ರ ಲೆಕ್ಕ ಬರೀತಿದೀಯ, ಇಷ್ಟಾದ್ಮೇಲೂ ಹದಿನೆಂಟು ವರ್ಷದ ಹುಡುಗ್ರ ಪಕ್ಕ ಕೂತು ಡೆಬಿಟ್ ಅಂದ್ರೇನು ಅಂತ ಕಲೀಬೇಕಾ. ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಆಯಸ್ಸು ಸವೆಸಿದೋನು ನಾನು, ಸುಮ್ನಿರಕ್ಕಾಗ್ಲಿಲ್ಲ, ಅಲ್ಲಿನ ರೂಲ್ಸೆಲ್ಲ ಕೂತು ಓದಿದೆ.

ಅಲ್ಲಿ ಓದಿದ್ದನ್ನ ಕ್ರೆಡಿಟ್ ಲೆಕ್ಕದಲ್ಲಿ ಅಳೀತಾರೆ, ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್, ಒಂದು ಸಬ್ಜೆಕ್ಟಿಗೆ ಹೆಚ್ಚಾಗಿ 3. ಎಲ್ಲಾನೂ ಕ್ಲಾಸಲ್ಲಿ ಕೂತೇ ತಗೋಬೇಕು ಅಂತಿಲ್ಲ, ಮೊದಲೇ ಕಲಿತಿದ್ದನ್ನ ತೋರಿಸಿದ್ರೂ ಸಿಗತ್ತೆ. ನಿಮ್ಮ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲೇ ಥಾಮಸ್ ಎಡಿಸನ್ ಸ್ಟೇಟ್ ಯೂನಿವರ್ಸಿಟಿ ಇದೆ, ಸರ್ಕಾರಿ, 1972ರಲ್ಲಿ ಶುರು ಮಾಡಿದ್ದೇ ದುಡಿಯೋ ದೊಡ್ಡೋರಿಗೋಸ್ಕರ. ಬೇರೆ ಕಾಲೇಜುಗಳೂ ಇಂಥ ಕ್ರೆಡಿಟ್ ಕೊಡ್ತವೆ, ಆದ್ರೆ ಇಷ್ಟಕ್ಕಿಂತ ಜಾಸ್ತಿ ಇಲ್ಲ ಅಂತ ಒಂದೊಂದು ಕಡೆ ಒಂದೊಂದು ಮಿತಿ, ಫೀಸ್ ಕಟ್ಟೋ ಮುಂಚೆ ಬಾಯಿಬಿಟ್ಟು ಕೇಳು.

ಮೊದಲು ಆಗ್ಬೇಕಾದ್ದು ನಿನ್ನ ಬಿಕಾಂ ಮಾರ್ಕ್ಸ್ ಕಾರ್ಡ್‌ಗಳ ಇವ್ಯಾಲ್ಯುಯೇಷನ್, ಅಂದ್ರೆ ಇಲ್ಲಿ ಓದಿದ್ದು ಅಲ್ಲಿನ ಯಾವುದಕ್ಕೆ ಸಮ ಅಂತ ಒಂದು ಏಜೆನ್ಸಿ ಕೈಲಿ ಲೆಕ್ಕ ಹಾಕ್ಸೋದು, ಅದೂ ಕೋರ್ಸ್ ಬೈ ಕೋರ್ಸ್, ಒಂದೊಂದು ಸಬ್ಜೆಕ್ಟಿಗೂ ಬೇರೆ ಬೇರೆ. ಯಾವ ಏಜೆನ್ಸಿ ರಿಪೋರ್ಟ್ ಒಪ್ತೀರಿ ಅಂತ ಯೂನಿವರ್ಸಿಟೀನೇ ಕೇಳ್ಕೋ. ಇದನ್ನ ಬಿಟ್ಟು ಪರೀಕ್ಷೆಗೆ ಓಡ್ಬೇಡ, ಯಾಕಂದ್ರೆ ಒಂದೇ ಸಬ್ಜೆಕ್ಟಿಗೆ ಎರಡು ಸಲ ಕ್ರೆಡಿಟ್ ಸಿಗಲ್ಲ, ಬಿಕಾಂ ಅಕೌಂಟ್ಸ್ ಅವರು ಒಪ್ಕೊಂಡ್ಬಿಟ್ರೆ ಅದರದ್ದೇ ಪರೀಕ್ಷೆ ಬರೆದಿದ್ದು ದಂಡ.

ಒಪ್ಪದೇ ಉಳಿದಿದ್ದಕ್ಕೆ ಕ್ಲೆಪ್ ಪರೀಕ್ಷೆ ಇದೆ, ಪಾಸಾದ್ರೆ ಕ್ಲಾಸಿಗೆ ಹೋಗದೇ ಕ್ರೆಡಿಟ್, ಕಾಲೇಜ್ ಬೋರ್ಡ್‌ನೋರದ್ದು, 1967ರಿಂದ ನಡೀತಿದೆ. ಫೈನಾನ್ಶಿಯಲ್ ಅಕೌಂಟಿಂಗ್, ಮ್ಯಾನೇಜ್ಮೆಂಟ್, ಬಿಸಿನೆಸ್ ಲಾ ಎಲ್ಲಾ ಇದೆ. ಅಕೌಂಟಿಂಗ್‌ಗೆ 90 ನಿಮಿಷ, ಸುಮಾರು 75 ಪ್ರಶ್ನೆ, ತಪ್ಪಾದ್ರೆ ಮಾರ್ಕ್ಸ್ ಕಳೆಯಲ್ಲ, ಸ್ಕೋರ್ 20ರಿಂದ 80ರವರೆಗೆ, ಸಾಮಾನ್ಯವಾಗಿ 50 ಬಂದ್ರೆ ಸಾಕು. ಭಾಷೆ ಪರೀಕ್ಷೆನೂ ಇದೆ ಮಾರಾಯ್ತಿ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮಾತ್ರ, ನಮ್ಮ ಕನ್ನಡ ಎಲ್ಲಿಂದ ಬರ್ಬೇಕು. ಎಲ್ಲಾ ಬರತ್ತೆ ಅಂತ ಹಾಗೇ ಹೋಗಿ ಕೂರ್ಬೇಡ ಮತ್ತೆ. ಗಿರಾಕಿಗಳಿಂದ ಬರ್ಬೇಕಾದ ಬಾಕಿಗೆ ನೀನು ಸಂಡ್ರಿ ಡೆಟರ್ಸ್ ಅಂತಿದ್ದದ್ದು ಅಲ್ಲಿ ಅಕೌಂಟ್ಸ್ ರಿಸೀವಬಲ್, ಅದೇನೋ ಈಗಾಗ್ಲೇ ರೂಢಿಯಾಗಿರತ್ತೆ. ಆದ್ರೆ ಸ್ಟಾಕ್ ವ್ಯಾಲ್ಯುಯೇಷನ್‌ಗೆ ಲಿಫೋ, ಅಂದ್ರೆ ಕೊನೇಲಿ ಕೊಂಡ ಮಾಲೇ ಮೊದಲು ಹೋಯ್ತು ಅಂತ ಹಿಡಿಯೋ ಲೆಕ್ಕ, ಇಲ್ಲಿನ ಅಕೌಂಟಿಂಗ್ ಸ್ಟ್ಯಾಂಡರ್ಡ್ ಒಪ್ಪಲ್ಲ, ಅಲ್ಲಿ ನಡೆಯತ್ತೆ, ಮಾವನ ಆಫೀಸಲ್ಲಿ ನೀನು ಅದನ್ನ ಮುಟ್ಟೇ ಇರಲ್ಲ, ಅದನ್ನೊಂದು ಚೆನ್ನಾಗಿ ನೋಡ್ಕೋ. ಮಾಡರ್ನ್ ಸ್ಟೇಟ್ಸ್ ಅಂತ ಒಂದು ಸಂಸ್ಥೆ ಫ್ರೀಯಾಗಿ ಪಾಠ ಕೊಡತ್ತೆ, ಮುಗಿಸಿದೋರಿಗೆ ಪರೀಕ್ಷೆ ಫೀಸಿನ ವೋಚರ್ ಕೂಡ ಕೊಡತ್ತೆ.

ಪರೀಕ್ಷೆ ಇಲ್ದಿರೋ ವಿಷಯಕ್ಕೆ ಪೋರ್ಟ್‌ಫೋಲಿಯೋ, ಅಂದ್ರೆ ಕಲಿತಿದ್ದನ್ನ ಬರೆದು ಪುರಾವೆ ಸಮೇತ ಕೊಡೋ ಫೈಲು. ಇಲ್ಲೇ ಜನ ಎಡವೋದು, ಇಷ್ಟು ವರ್ಷ ದುಡಿದೆ ಅಂತ ಬರ್ದುಬಿಡ್ತಾರೆ. ದುಡಿದಿದ್ದಕ್ಕೆ ಸಂಬಳ ಕೊಟ್ಟಾಯ್ತಲ್ಲ, ಕ್ರೆಡಿಟ್ ಏನಿದ್ರೂ ಕಲಿತಿದ್ದಕ್ಕೆ. ಕೋರ್ಸಿನ ಸಿಲೆಬಸ್ ಮುಂದಿಟ್ಕೊಂಡು, ಒಂದೊಂದು ಪಾಯಿಂಟಿಗೂ ನಿಂಗೇನು ಗೊತ್ತು, ಬ್ಯಾಂಕ್ ಸ್ಟೇಟ್ಮೆಂಟೂ ಪುಸ್ತಕಾನೂ ತಾಳೆ ಆಗ್ದಿದ್ರೆ ಎಲ್ಲಿಂದ ಹುಡುಕ್ತಿದ್ದೆ, ಯಾಕೆ ಹಾಗೆ ಅಂತ ಬರೀಬೇಕು, ಜೊತೆಗೆ ಪುರಾವೆ ಇಡ್ಬೇಕು, ಅದೇ ವಿಷಯದ ಮೇಷ್ಟ್ರು ಓದಿ ತೀರ್ಮಾನ ಮಾಡ್ತಾರೆ. ಪುರಾವೆಲಿರೋ ಗಿರಾಕಿಗಳ ಹೆಸರು ಮಾತ್ರ ಅಳಿಸಿ ಹಾಕು.

ಇನ್ನೊಂದು, ಲೈಫ್ ಎಕ್ಸ್‌ಪೀರಿಯನ್ಸ್‌ಗೇ ಡಿಗ್ರಿ, ಒಂದು ವಾರದಲ್ಲಿ ಮನೆಗೇ ಬರತ್ತೆ ಅನ್ನೋ ಜಾಹೀರಾತು ಕಂಡ್ರೆ ಕ್ಲಿಕ್ ಮಾಡ್ಬೇಡ. ಪರೀಕ್ಷೆ ಇಲ್ಲ, ಬರೆಯೋದಿಲ್ಲ, ದುಡ್ಡು ಕೊಟ್ರೆ ಕಾಗದ, ಯಾರೂ ಮೂಸಲ್ಲ ಅದನ್ನ. ಕಾಲೇಜಿಗೆ ಅಕ್ರೆಡಿಟೇಷನ್, ಅಂದ್ರೆ ಅಧಿಕೃತ ಮಾನ್ಯತೆ, ಇದೆಯಾ ಅಂತ ಅಳಿಯಂದ್ರ ಕೈಲೂ ಒಂದ್ಸಲ ಚೆಕ್ ಮಾಡ್ಸು.

ಟ್ರಾನ್ಸ್‌ಕ್ರಿಪ್ಟ್‌ಗೆ, ಅದೇ ನಿನ್ನ ಎಲ್ಲಾ ಮಾರ್ಕ್ಸಿನ ಅಧಿಕೃತ ಪಟ್ಟಿಗೆ, ಇಲ್ಲಿನ ಯೂನಿವರ್ಸಿಟಿಗೆ ನಾನು ಹೋಗ್ತೀನಿ. ನನ್ನ ಹೆಸರಿಗೆ ಒಂದು ಆಥರೈಸೇಷನ್ ಲೆಟರ್ ಬರೆದು, ಸಹಿ ಹಾಕಿ, ಪಾಸ್‌ಪೋರ್ಟ್ ಕಾಪಿ ಜೊತೆ ಈ ವಾರದಲ್ಲೇ ಕಳ್ಸು. ಸಿಲೆಬಸ್ ಪುಸ್ತಕಾನೂ ಕೇಳಿ ಸೀಲ್ ಹಾಕ್ಸಿಡ್ತೀನಿ, ನೀನು ಓದಿದ ವರ್ಷದ್ದೇ ಆಗ್ಬೇಕು. ನೀನು ಆಫೀಸಲ್ಲಿ ಮಾಡಿದ ಕೆಲಸಕ್ಕೆ ಮಾವನ ಹತ್ರ ಲೆಟರ್ ನಿಮ್ಮಮ್ಮ ಕೇಳ್ತಾಳಂತೆ, ಅವಳು ಕೇಳಿದ್ರೆ ಅವನು ತಡ ಮಾಡಲ್ಲ.

ನಿನ್ನ ಅಪ್ಪ