ಅಡಿಕೆ ಧಾರಣೆಯ ಪಕ್ಕದಲ್ಲಿ ಒಂದಿಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರೇ,

ಈ ಅಂಕಣಕ್ಕೆ ಬರುವುದು ಹೆಚ್ಚಾಗಿ ಹೊಂಡ ಬಿದ್ದ ರಸ್ತೆ, ಹೊತ್ತಿಗೆ ಬಾರದ ಬಸ್ಸು, ಕನ್ನಡ ಬಾರದ ಅಧ್ಯಾಪಕರ ವಿಚಾರ. ನನ್ನ ಅಹವಾಲು ಅಷ್ಟು ದೊಡ್ಡದಲ್ಲ. ನನಗೆ ಆನ್‌ಲೈನ್ ಮಾರ್ಕೆಟಿಂಗ್ ಎಂದರೆ ಹುಚ್ಚು. ಆದರೆ ಮನೆಯಲ್ಲಾಗಲಿ ನೆಂಟರಲ್ಲಾಗಲಿ ಅದನ್ನು ಕೇಳುವ ಒಂದು ಕಿವಿಯೂ ಇಲ್ಲ. ನಾನು ಮಾತು ತೆಗೆದರೆ ಸಾಕು, ಮಳೆ ಸುರಿಯುವ ಆಟಿ ತಿಂಗಳಲ್ಲೂ ಯಜಮಾನರಿಗೆ ತೋಟಕ್ಕೆ ನೀರು ಬಿಡುವ ನೆನಪಾಗುತ್ತದೆ.

ನಾವು ಕಾಸರಗೋಡು ಜಿಲ್ಲೆಯ ಗಡಿಭಾಗದ ಪೆರ್ಲದ ಹತ್ತಿರದವರು. ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡಿ ವಿಟ್ಲ, ಪುತ್ತೂರಿನ ಅಂಗಡಿಗಳಿಗೆ ಕೊಡುತ್ತಿದ್ದೆವು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರಲ್ಲ, ಆ ವರ್ಷ ಸಾರಡ್ಕದ ಗಡಿ ದಾಟಲಾಗದೆ ನಮ್ಮ ಹಪ್ಪಳವೆಲ್ಲ ತಗಡಿನ ಡಬ್ಬಗಳಲ್ಲೇ ಉಳಿಯಿತು. ಸೊಳೆ ಬೇಯಿಸಿ, ಗುದ್ದಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ಚಾಪೆಯಲ್ಲಿ ಒಣಗಿಸಿದ್ದು ಕಣ್ಣೆದುರೇ ಮುಗ್ಗಲು ಹಿಡಿಯುವುದನ್ನು ನೋಡಲಾರದೆ ಮೊಬೈಲ್ ಕೈಗೆತ್ತಿಕೊಂಡೆ.

ಮೊದಲು ಮಾಡಿದ್ದು ತಪ್ಪೇ, ಒಪ್ಪುತ್ತೇನೆ. ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ದಿನಾ ಬೆಳಗ್ಗೆ ಹಪ್ಪಳದ ಚಿತ್ರ ಹಾಕಿದೆ. ವಾರದೊಳಗೆ ಮೂವರು ಗುಂಪು ಬಿಟ್ಟರು. ಅವರಲ್ಲಿ ಒಬ್ಬರು ನನ್ನ ಸ್ವಂತ ಚಿಕ್ಕಮ್ಮ. 1978ರಲ್ಲಿ ಅಮೆರಿಕದ ಗ್ಯಾರಿ ಥುರ್ಕ್ ಎಂಬವರು ತಮ್ಮ ಕಂಪೆನಿಯ ಕಂಪ್ಯೂಟರುಗಳ ಪ್ರಚಾರಕ್ಕೆ ಸುಮಾರು 400 ಮಂದಿಗೆ ಒಂದೇ ಇಮೇಲ್ ಕಳುಹಿಸಿ ಚೆನ್ನಾಗಿ ಬೈಸಿಕೊಂಡಿದ್ದರು. ಅದನ್ನು ಓದಿ ಸ್ವಲ್ಪ ಸಮಾಧಾನವಾಯಿತು. ಆದರೂ ಅವರಿಗೆ ಬೈದವರು ಚಿಕ್ಕಮ್ಮನಲ್ಲವಲ್ಲ.

ಬಳಿಕ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆ. ಒಮ್ಮೆ ಬರೆದರೆ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಹೋಗುತ್ತದೆ. ಆದರೆ ನಮ್ಮ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಮರುದಿನ ನೋಡುತ್ತೇನೆ, 90 ಮಂದಿಯಲ್ಲಿ ತಲುಪಿದ್ದು 49 ಜನರಿಗೆ. ಬಂದಾಗಲೆಲ್ಲ ಎರಡು ಕಟ್ಟು ಹಪ್ಪಳ ಚೀಲಕ್ಕೆ ಹಾಕಿಸಿಕೊಂಡು ಹೋಗುವ ನಾದಿನಿಯ ಹೆಸರು ಅದರಲ್ಲಿರಲಿಲ್ಲ. ಮದುವೆಯಾಗಿ 22 ವರ್ಷ ಕಳೆದ ಮೇಲೆ ಈ ಸತ್ಯ ನನಗೆ ತಿಳಿಯದಿದ್ದರೂ ನಡೆಯುತ್ತಿತ್ತು.

ನಿಜವಾದ ರುಚಿ ಹತ್ತಿದ್ದು ಜನ ಯಾವ ಮಾತಿನಿಂದ ಹುಡುಕುತ್ತಾರೆ ಎಂದು ನೋಡಲು ಶುರು ಮಾಡಿದಾಗ. ಮಂಗಳೂರಿನವರಿಗೆ ಅದು ಹಲಸಿನ ಹಪ್ಪಳ, ಕಣ್ಣೂರಿನವರಿಗೆ ಚಕ್ಕ ಪಪ್ಪಡ, ಮುಂಬಯಿಯವರಿಗೆ ಫಣಸ್ ಪಾಪಡ್. ಕನ್ನಡದವರಲ್ಲೂ ಬಹಳ ಮಂದಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತುವುದು. ಹಪ್ಪಳಕ್ಕೆ ಒಬ್ಬರು ಒಂದು ‘ಪಿ’ ಹಾಕಿದರೆ ಇನ್ನೊಬ್ಬರು ಎರಡು. ನಾಲ್ಕು ಭಾಷೆ ಬಾಯಲ್ಲಿ ಹೊರಳುವ ಗಡಿನಾಡಿನವರಿಗಲ್ಲದೆ ಇಷ್ಟೆಲ್ಲ ಹೆಸರು ಬೇರೆ ಯಾರಿಗೆ ಸಲೀಸಾಗಿ ಹೊಳೆಯಬೇಕು? ಎಲ್ಲವನ್ನೂ ನನ್ನ ಪುಟದಲ್ಲಿ ಬರೆದೆ. ಮರುತಿಂಗಳೇ ಠಾಣೆಯಿಂದ ಫೋನು ಬಂತು. ಹಾಗೆಂದು ಸಂಭ್ರಮದಿಂದ ಹೇಳಿದರೆ ಅತ್ತೆ ಪೊಲೀಸ್ ಠಾಣೆ ಎಂದುಕೊಂಡು ದೇವರ ಕೋಣೆಗೆ ಹೋದರು. ಮುಂಬಯಿಯ ಪಕ್ಕದ ಠಾಣೆ ಎಂದು ಬಿಡಿಸಿ ಹೇಳಿದ ಮೇಲೆ ಅವರಿಗೆ ಆ ಸುದ್ದಿಯಲ್ಲಿ ಆಸಕ್ತಿಯೇ ಉಳಿಯಲಿಲ್ಲ.

ಒಮ್ಮೆ ಮಾತ್ರ ಒಬ್ಬ ಸಿಕ್ಕಿದ. ಮೈದುನ ಜಗಲಿಯಲ್ಲಿ ಕುಳಿತು ಅಡಿಕೆ ಹೆಕ್ಕುತ್ತಿದ್ದ. ಪಟೋರ ಒಂದು ಗೋಣಿಗೆ, ಕೀಳು ದರ್ಜೆಯ ಕರಿಗೋಟು ಇನ್ನೊಂದಕ್ಕೆ. ಗೂಗಲ್‌ನಲ್ಲಿ ಯಾರಾದರೂ ಹುಡುಕಿದಾಗ ಜಾಹೀರಾತಿನ ಜಾಗಕ್ಕೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹರಾಜು ನಡೆಯುತ್ತದೆ, ಹೆಚ್ಚು ಕೂಗಿದವನಿಗೇ ಸಿಗುತ್ತದೆಂದಿಲ್ಲ, ಜಾಹೀರಾತು ಹುಡುಕಿದ ಮಾತಿಗೆ ಹೊಂದಬೇಕು, ಒತ್ತಿದ ಮೇಲೆ ತೆರೆಯುವ ಪುಟದಲ್ಲಿ ಹೇಳಿದ ಸರಕೇ ಇರಬೇಕು ಎಂದು ವಿವರಿಸಿದೆ. ಅವನು ತಲೆ ಎತ್ತಿ, “ಅಂದರೆ ಅತ್ತಿಗೆ, ಕರಿಗೋಟು ತೋರಿಸಿ ಒಳ್ಳೆಯ ಚಾಲಿ ಎನ್ನಲು ಅಲ್ಲಿಯೂ ಬಿಡುವುದಿಲ್ಲವೇ?” ಎಂದು ಕೇಳಿದ. ಇಷ್ಟು ವರ್ಷಗಳಲ್ಲಿ ನನಗೆ ಬಂದ ಮೊದಲ ಪ್ರಶ್ನೆ. ಹೊಂದದ ಜಾಹೀರಾತಿಗೆ ಹೆಚ್ಚು ತೆರಬೇಕಾಗುತ್ತದೆ ಎನ್ನುವಷ್ಟರಲ್ಲಿ ಅವನಿಗೆ ಫೋನು ಬಂತು.

ಅವನು ಕುಳಿತಿದ್ದರೆ ವೃತ್ತದ ವಿಷಯ ಹೇಳುತ್ತಿದ್ದೆ. ಜಾಹೀರಾತು ಯಾರಿಗೆ ಕಾಣಬೇಕೆಂದು ಆರಿಸುವಲ್ಲಿ ‘ಕರ್ನಾಟಕ’ ಎಂದು ಒತ್ತಿದರೆ ನಮ್ಮೂರೇ ಹೊರಗೆ. 1956ರಿಂದ ನಾವು ಕೇರಳದಲ್ಲಿದ್ದೇವಲ್ಲ. ‘ಕೇರಳ’ ಎಂದರೆ ಪುತ್ತೂರು ಹೊರಗೆ. ಆದರೆ ಪೆರ್ಲವನ್ನು ನಡುವಿಟ್ಟು 40 ಕಿ.ಮೀ. ವೃತ್ತ ಎಳೆದರೆ ಮಂಗಳೂರು, ಪುತ್ತೂರು, ಸುಳ್ಯ, ಕಾಸರಗೋಡು ನಾಲ್ಕೂ ಒಳಗೆ ಬರುತ್ತವೆ. ಅದನ್ನು ಮೊದಲ ಸಲ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಜಮಾನರಿಗೆ ಚೆನ್ನಾಗಿಯೇ ಬಂತು.

ಮಾವನವರದು ಬೇರೆ ಕಥೆ. ‘ಮಾರ್ಕೆಟಿಂಗ್’ ಎಂಬ ಶಬ್ದ ಕಿವಿಗೆ ಬಿದ್ದರೆ ಎದ್ದೇ ಹೋಗುತ್ತಾರೆ. ತೊಂಬತ್ತರ ದಶಕದಲ್ಲಿ ಆಡು, ತೇಗ, ಮಾಂಜಿಯಂ ಮರ ಬೆಳೆಸಿ ಲಾಭ ಕೊಡುತ್ತೇವೆಂದು ಕೇರಳದಾದ್ಯಂತ ಹಣ ಹೂಡಿಸಿ ಮುಳುಗಿಸಿದ್ದು ನೆನಪಿರುವವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಅವರ ತೇಗದ ಪ್ರಮಾಣಪತ್ರ ಇವತ್ತಿಗೂ ಕಪಾಟಿನಲ್ಲಿದೆ. ತೇಗ ಮಾತ್ರ ಎಲ್ಲಿಯೂ ಇಲ್ಲ. ಆಮೇಲೆ ಸೋಪು, ಪುಡಿಡಬ್ಬ ಹಿಡಿದು “ನಿಮ್ಮ ಕೆಳಗೆ ಇಬ್ಬರನ್ನು ಸೇರಿಸಿ” ಎಂದು ನೆಂಟರೇ ಮನೆಗೆ ಬಂದರು. ಅಂಥ ಸರಪಳಿ ವ್ಯವಹಾರವನ್ನು ಕೇಂದ್ರ ಸರಕಾರದ 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ನಾನು ಯಾರ ಕೆಳಗೂ ಯಾರನ್ನೂ ಸೇರಿಸುತ್ತಿಲ್ಲ. ಹಪ್ಪಳ ಎಲ್ಲಿ ಸಿಗುತ್ತದೆಂದು ಹುಡುಕುವವರಿಗೆ ಇಲ್ಲಿದೆ ಎನ್ನುತ್ತಿದ್ದೇನೆ. ಈ ವ್ಯತ್ಯಾಸವನ್ನು ಒಂದು ಉಪನಯನದ ಪಂಕ್ತಿಯಲ್ಲಿ ಹೇಳಲು ಹೋದೆ. ಪಕ್ಕದವರು ಪಾಯಸಕ್ಕೂ ಕಾಯದೆ ಎದ್ದರು.

ಆದ್ದರಿಂದ ತಮ್ಮಲ್ಲಿ ಒಂದು ಕೋರಿಕೆ. ನನಗೆ ಸಿಕ್ಕಿದ ತರಗತಿಗಳು ಮಲಯಾಳದಲ್ಲಿದ್ದವು, ಮೊಬೈಲಿನ ಪಾಠಗಳು ಇಂಗ್ಲಿಷಿನಲ್ಲಿ. ಹಳೆಯ ಡೈರಿಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಕಲಿತೆ. ಹಪ್ಪಳ, ಮಾಂಬಳ, ಸಾಂತಾಣಿ ಮಾಡುವ ನನ್ನಂಥವರಿಗಾಗಿ ವಾರಕ್ಕೊಮ್ಮೆ ನಾಲ್ಕು ಪ್ಯಾರಾ ಕನ್ನಡದಲ್ಲೇ ಪ್ರಕಟಿಸಬಾರದೇ? ಅದನ್ನು ಅಡಿಕೆ ಧಾರಣೆಯ ಪಕ್ಕದಲ್ಲೇ ಹಾಕಿ. ನಮ್ಮ ಕಡೆಯವರು ಪತ್ರಿಕೆ ಬಿಡಿಸಿದರೆ ಮೊದಲು ನೋಡುವುದು ಅಲ್ಲಿಗೆ. ಕಣ್ಣು ಹೋಗುವಲ್ಲಿ ಹೇಳಬೇಕೆಂಬುದು ಕೂಡ ಡೈರಿಯಲ್ಲಿದೆ.

ಧಾರಣೆ ಮುಗಿಸಿದ ಮೇಲೆ ಮಾವನವರು ಈ ಅಂಕಣಕ್ಕೆ ಬರುತ್ತಾರೆ. ಭೂತಗನ್ನಡಿ ಹಿಡಿದು ಕೊನೆಯ ಸಾಲಿನವರೆಗೂ ಓದುತ್ತಾರೆ. ಹೆಸರು ಹಾಕದಿದ್ದರೂ ಬರೆದವರು ಯಾರೆಂದು ಅವರಿಗೆ ಗೊತ್ತಾಗುತ್ತದೆ. ಮಾವ, ಕೊಟ್ಟಿಗೆಯ ಹಿಂದಿನ ಹಲಸಿನ ಮರದ ಬುಡದಲ್ಲಿ ನೀವು ನಿಂತಿರುವ ಒಂದು ಫೋಟೊ ನನಗೆ ಬೇಕು. ನೆಟ್ಟವರು ನೀವೇ ತಾನೆ? ನಾಳೆ ಬಿಸಿಲಿದ್ದರೆ, ಕಾಫಿ ಆದ ಮೇಲೆ.

– ಓರ್ವ ಗೃಹಿಣಿ, ಪೆರ್ಲ, ಕಾಸರಗೋಡು ಜಿಲ್ಲೆ