ಕಣ್ಣಲ್ಲಿ ಕಣ್ಣಿಟ್ಟು ಕೇಳಿದ ವಕೀಲ

ಪ್ರಿಯ ಗೆಳೆಯ,

ನಿನ್ನ ಪತ್ರ ಓದಿದೆ. ವಾಟರ್‌ಗೇಟ್ ಹಗರಣದಲ್ಲಿ ಸಿಕ್ಕಿಬಿದ್ದ ಅಷ್ಟೊಂದು ವಕೀಲರಲ್ಲಿ ಹರ್ಬರ್ಟ್ ಕಾಮ್‌ಬ್ಯಾಕ್ ಒಬ್ಬನ ಮೇಲೆ ನಿನಗೆ ಮರುಕ. ‘ಪಾಪ, ನಂಬಿ ಕೆಟ್ಟ’ ಎಂದು ಬರೆದಿದ್ದೀಯೆ. ವೃತ್ತಿಬಾಂಧವನೆಂದು ವಕಾಲತ್ತು ವಹಿಸಿದ್ದೀಯೋ ಏನೋ. ನಾನಂತೂ ಒಪ್ಪುವುದಿಲ್ಲ.

ಅವನೇನು ಲೋಕವರಿಯದ ಹುಡುಗನೇ? ಆಗ ಅಮೆರಿಕದ ಅಧ್ಯಕ್ಷರಾಗಿದ್ದ ನಿಕ್ಸನ್ನರ ಖಾಸಗಿ ವಕೀಲ. ಚುನಾವಣೆಗೆ ದೊಡ್ಡ ಕುಳಗಳಿಂದ ದೇಣಿಗೆ ಎತ್ತುವುದರಲ್ಲಿ ಪಳಗಿದ ಕೈ. 1972ರ ಜೂನ್ 17ರಂದು ವಾಟರ್‌ಗೇಟ್ ಕಟ್ಟಡದಲ್ಲಿದ್ದ ಎದುರಾಳಿ ಡೆಮಾಕ್ರಾಟಿಕ್ ಪಕ್ಷದ ಕಚೇರಿಗೆ ನಿಕ್ಸನ್ನರ ಪ್ರಚಾರದವರ ಪರವಾಗಿ ನುಗ್ಗಿದ ಐವರು ಸಿಕ್ಕಿಬಿದ್ದರಲ್ಲ, ಆ ತಿಂಗಳು ಮುಗಿಯುವ ಮೊದಲೇ ಶ್ವೇತಭವನದ ವಕೀಲ ಜಾನ್ ಡೀನ್ ಇವನನ್ನು ವಾಷಿಂಗ್ಟನ್ನಿಗೆ ಕರೆಸಿಕೊಂಡ. ಆರೋಪಿಗಳ ವಕೀಲರಿಗೆ, ಸಂಸಾರಗಳಿಗೆ ಹಣ ಬೇಕು, ಯಾರಿಗೂ ತಿಳಿಯಬಾರದು. ಈ ಮಾತು ನಡೆದದ್ದು ಲಫಾಯೆಟ್ ಉದ್ಯಾನದಲ್ಲಿ, ಅಡ್ಡಾಡುತ್ತ. ಬಳಿಕ ಪ್ರಚಾರದ ಹಣಕಾಸು ನೋಡಿಕೊಳ್ಳುತ್ತಿದ್ದ ಮಾರಿಸ್ ಸ್ಟಾನ್ಸ್ ಹೋಟೆಲ್ ಕೋಣೆಗೇ ಬಂದು 75,100 ಡಾಲರ್ ನಗದು ಕೊಟ್ಟುಹೋದ.

ಹಂಚುವ ಕೆಲಸ ನ್ಯೂಯಾರ್ಕಿನ ಮಾಜಿ ಪೊಲೀಸ್ ಟೋನಿ ಯುಲಸೆವಿಚ್‌ನದು. ಸುಳ್ಳು ಹೆಸರಿನಲ್ಲಿ ಸಾರ್ವಜನಿಕ ಫೋನುಗಳಿಂದಲೇ ಮಾತು. ಚಿಲ್ಲರೆ ಹೊತ್ತು ಸಾಕಾಗಿ, ಬಸ್ಸಿನವರು ಸೊಂಟಕ್ಕೆ ಕಟ್ಟಿಕೊಳ್ಳುವ ನಾಣ್ಯದ ಡಬ್ಬಿಯನ್ನು ಇವನೂ ಕಟ್ಟಿಕೊಂಡ. ನೋಟುಗಳನ್ನು ತುಂಬಿಕೊಂಡದ್ದು ಹೋಟೆಲಿನವರು ಒಗೆಯುವ ಬಟ್ಟೆ ಹಾಕಲು ಕೊಡುವ ಚೀಲಕ್ಕೆ. ಒಮ್ಮೆ 25,000 ಡಾಲರಿನ ಕಂದು ಲಕೋಟೆಯನ್ನು ಒಂದು ಕಟ್ಟಡದ ಕೆಳಗೆ ಫೋನಿನ ಬಳಿ ಇಟ್ಟು, ಆರೋಪಿಯೊಬ್ಬನ ವಕೀಲ ಅದನ್ನು ಎತ್ತಿಕೊಂಡು ಹೋಗುವವರೆಗೆ ಮರೆಯಲ್ಲಿ ನಿಂತು ನೋಡಿದ. ಇಷ್ಟು ವರ್ಷ ಕೋರ್ಟಿನಲ್ಲಿ ಕಳೆದವನು ನೀನು. ಯಾರಾದರೂ ನಿನ್ನ ಶುಲ್ಕವನ್ನು ಹೀಗೆ ತಲುಪಿಸಿದರೆ ರಸೀದಿ ಬರೆದುಕೊಡುತ್ತೀಯಾ?

ಕಾಮ್‌ಬ್ಯಾಕ್‌ಗೂ ಅಳುಕು ಹುಟ್ಟಿತ್ತು. ಜುಲೈ 26ರಂದು ನಿಕ್ಸನ್ನರ ಆಪ್ತ ಜಾನ್ ಎರ್ಲಿಕ್‌ಮನ್ ಬಳಿಗೆ ಹೋಗಿ, ಕಣ್ಣಲ್ಲಿ ಕಣ್ಣಿಟ್ಟು, ನನ್ನ ಸಂಸಾರ, ನನ್ನ ಮರ್ಯಾದೆಯೇ ನನಗೆ ಸರ್ವಸ್ವ, ಈ ಕೆಲಸ ಸರಿಯೇ ಹೇಳು ಎಂದು ಕೇಳಿದನಂತೆ. ಸರಿ, ಮುಂದುವರಿಸು ಎಂಬ ಉತ್ತರ ಬಂತಂತೆ. ಹಗರಣದ ತನಿಖೆ ನಡೆಸಿದ ಸೆನೆಟ್ ಸಮಿತಿಯ ಮುಂದೆ ಇವನು ಹೇಳಿದ್ದಿದು, ಎರ್ಲಿಕ್‌ಮನ್ ಅಲ್ಲಗಳೆದ. ನಿನ್ನ ಕರುಳು ಚುರುಕ್ ಎಂದದ್ದು ಇಲ್ಲಿಯೇ. ನನಗೆ ಸಂಶಯ ಗಟ್ಟಿಯಾದದ್ದೂ ಇಲ್ಲಿಯೇ. ಸರಿಯಾದ ಕೆಲಸಕ್ಕೆ ಹೆಂಡತಿ ಮಕ್ಕಳ ಹೆಸರು ಎತ್ತುವ ಪ್ರಮೇಯ ಯಾಕೆ ಬಂತು? ಅಷ್ಟು ದಿನ ಕಾನೂನು ಓದಿದವನಿಗೆ ಉತ್ತರ ಗೊತ್ತಿತ್ತು. ಬೆನ್ನು ತಟ್ಟುವ ಕೈಯೊಂದು ಬೇಕಿತ್ತು.

ಹಣ ಕೊಡಲೆಂದು ಯುಲಸೆವಿಚ್ ಮೊದಲು ಫೋನ್ ಮಾಡಿದ್ದು ಆರೋಪಿಗಳ ಪರ ನಿಂತಿದ್ದ ಡಗ್ಲಸ್ ಕ್ಯಾಡಿ ಎಂಬ, ಕಾಮ್‌ಬ್ಯಾಕ್‌ಗಿಂತ ಎಷ್ಟೋ ಕಿರಿಯ ವಕೀಲನಿಗೆ. ಅವನು ಭೇಟಿಗೂ ಬರಲಿಲ್ಲ, ಹಣವನ್ನೂ ಮುಟ್ಟಲಿಲ್ಲ. ಯಾರ ಕಣ್ಣನ್ನೂ ನೋಡಲು ಹೋಗಲಿಲ್ಲ.

ಒಂದು ಕಡೆ ಮಾತ್ರ ನನಗೂ ಅಯ್ಯೋ ಎನಿಸಿತು. 1973ರ ಏಪ್ರಿಲ್‌ನಲ್ಲಿ ಕಾಮ್‌ಬ್ಯಾಕ್ ಜೊತೆ ಫೋನಿನಲ್ಲಿ ಮಾತಾಡಿದ ಎರ್ಲಿಕ್‌ಮನ್, ಅವನಿಗೆ ತಿಳಿಸದೆ ಎಲ್ಲವನ್ನೂ ಧ್ವನಿಮುದ್ರಿಸಿಕೊಂಡ.

ಇನ್ನು ಶಿಕ್ಷೆ. ಸೆರೆಮನೆಗೆ ಹೋದದ್ದು ಈ ಗುಟ್ಟಿನ ಹಣಕ್ಕೆಂದು ನೀನು ಬರೆದದ್ದು ಸರಿಯಲ್ಲ. ಕಾನೂನು ಮೀರಿದ ದೇಣಿಗೆ ಸಂಗ್ರಹ ಮತ್ತು 1,00,000 ಡಾಲರಿಗೆ ಬದಲಾಗಿ ಯುರೋಪಿನಲ್ಲೊಂದು ರಾಯಭಾರಿ ಹುದ್ದೆಯ ಭರವಸೆ, ಇವೆರಡನ್ನು 1974ರಲ್ಲಿ ಒಪ್ಪಿಕೊಂಡ. 191 ದಿನ ಒಳಗಿದ್ದ. 1977ರಲ್ಲಿ ವಕೀಲಿಕೆಯ ಸನ್ನದು ಮರಳಿ ಸಿಕ್ಕಿತು.

ಮರುಕ ಪಡಲು ನಿನಗೆ ಹಕ್ಕಿದೆ. ಆದರೆ ಕ್ಯಾಡಿಯ ವಿಷಯದಲ್ಲಿ ನಿನ್ನ ಪಾಟೀಸವಾಲು ಏನು, ಮುಂದಿನ ಪತ್ರದಲ್ಲಿ ಬರೆ.

ಇಂತಿ ನಿನ್ನ,
ಹಳೆಯ ಜಗಳಗಂಟ ಗೆಳೆಯ